ಮದುವೆ ಬ್ಯೂರೋಗೆ ಲಿನಕ್ಸ್ ಬಂದ ತಿಂಗಳು

ಮದುವೆ ಮಾತುಕತೆ ನಡೆಯುವ ಮನೆಯಲ್ಲಿ ಎಡವಟ್ಟುಗಳಿಗೆ ಬರ ಇರುವುದಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ವಧು-ವರರ ಬ್ಯೂರೋ ನಡೆಸುತ್ತಿದ್ದೇನೆ. ಒಬ್ಬರ ಜಾತಕ ಇನ್ನೊಬ್ಬರ ಕವರಿಗೆ ಹೋಗುವುದು, ನೋಡಲು ಬಂದ ಹುಡುಗನನ್ನು ಬಿಟ್ಟು ಜೊತೆಗೆ ಬಂದ ಅವನ ಅಣ್ಣನನ್ನು ಹುಡುಗಿ ಮೆಚ್ಚುವುದು, ಇವೆಲ್ಲ ನನಗೆ ಮಾಮೂಲಿ. ಆದರೂ ಕಳೆದ ವರ್ಷದ ಆ ಒಂದು ತಿಂಗಳನ್ನು ನೆನೆದರೆ ಈಗಲೂ ಎದೆಯ ಮೇಲೆ ಕೈ ಹೋಗುತ್ತದೆ. ಆ ತಿಂಗಳು ನನ್ನ ಕಂಪ್ಯೂಟರಿಗೆ ಲಿನಕ್ಸ್ ಬಂತು. ಅದೇ ತಿಂಗಳು ನಮ್ಮ ಹುಡುಗನಿಗೆ ಒಂದು ಸಂಬಂಧವೂ ಬಂತು.

ನಮ್ಮ ಹುಡುಗ ಎಂದರೆ ನನ್ನ ಮಗನಲ್ಲ. ಮಹಾಲಕ್ಷ್ಮಿ ಲೇಔಟಿನವನು, ಲಿಫ್ಟ್ ರಿಪೇರಿ ಕೆಲಸ, ವಯಸ್ಸು ಮೂವತ್ತಾರು. ಆರು ವರ್ಷದಿಂದ ಅವನ ಹೆಸರು ನನ್ನ ಬ್ಯೂರೋದಲ್ಲಿತ್ತು. ಚಿನ್ನದಂಥ ಹುಡುಗ, ಆದರೆ ಬಾಯಿ ಬಿಡುವುದಿಲ್ಲ. ಹೆಣ್ಣು ನೋಡಲು ಹೋದರೆ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನಮಸ್ಕಾರ ಹೇಳಿ ಎದ್ದು ಬರುತ್ತಾನೆ. ಹೊಸಹಳ್ಳಿಯಿಂದ ಈ ಸಂಬಂಧ ಬಂದಾಗ, "ಇದೊಂದು ನೋಡೋಣ ಆಂಟಿ. ಇದೂ ಆಗ್ಲಿಲ್ಲ ಅಂದ್ರೆ ನನ್ನ ಹೆಸರು ತೆಗೆದುಬಿಡಿ" ಎಂದ. ದುಃಖವಿಲ್ಲದೆ, ಬಸ್ ತಪ್ಪಿತು ಎನ್ನುವಷ್ಟು ಸಲೀಸಾಗಿ ಹೇಳಿದ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಏನೂ ಕೇಳದ ಪಾರ್ಟಿ

ಯಾರೋ ಜಾತಕ ಕೊಡಲು ತಂದ ಪೆನ್ ಡ್ರೈವಿನಿಂದ ವೈರಸ್ ಬಂದು ನನ್ನ ಹಳೆಯ ಕಂಪ್ಯೂಟರ್ ಮಲಗಿತು. ನಮ್ಮ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಮೇಡಂ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾರೆ. ಇಳಿದು ಬಂದು ನೋಡಿ, "ವಿಂಡೋಸ್ ಬದಲು ಲಿನಕ್ಸ್ ಹಾಕ್ಕೊಡ್ತೀನಿ ಆಂಟಿ. ಫ್ರೀ" ಎಂದರು.

ಫ್ರೀ ಎಂದಕೂಡಲೇ ನನಗೆ ಅನುಮಾನ. ಗಂಡಿನ ಕಡೆಯವರು "ನಮಗೇನೂ ಬೇಡ, ಹುಡುಗಿ ಬಂದ್ರೆ ಸಾಕು" ಎಂದರೆ ಮೊದಲು ಆಸ್ಪತ್ರೆ ರಿಪೋರ್ಟು ಕೇಳುವವಳು ನಾನು. ಮೇಲಾಗಿ ಅದರ ಆ್ಯಪ್‌ಗಳ ಹೆಸರೋ, ಕೇಟ್ ಅಂತ ಒಂದು, ಕ್ಲಿಪ್ಪರ್ ಅಂತ ಒಂದು, ಡಿಜಿಕ್ಯಾಮ್ ಅಂತ ಒಂದು. ಒಂದೇ ಮನೆತನದವರ ಇನಿಷಿಯಲ್ ಹಾಗೆ ಎಲ್ಲದರಲ್ಲೂ ಎಲ್ಲೋ ಒಂದು 'ಕೆ' ಇದ್ದೇ ಇದೆ.

"ಇದನ್ನ ಮಾಡಿದವ್ರು ಯಾರಮ್ಮ? ಹಿನ್ನೆಲೆ ಏನು?" ಎಂದು ಕೇಳಿದೆ.

"ಬೇರೆಬೇರೆ ದೇಶದ ಜನ ಸೇರಿ ಮಾಡಿದ್ದು ಆಂಟಿ. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡ್ಬಹುದು. ಯಾವುದೂ ಗುಟ್ಟಿಲ್ಲ."

"ಹಾಗಾದ್ರೆ ಹಾಕಮ್ಮ. ಇಷ್ಟು ವರ್ಷದಲ್ಲಿ ಏನೂ ಮುಚ್ಚಿಡದ ಪಾರ್ಟಿ ನಂಗೆ ಸಿಗ್ತಾ ಇರೋದು ಇದೇ ಮೊದಲು."

ಹುಡುಗ ಕಾಣಿಸುತ್ತಿಲ್ಲ

ಹೊಸಹಳ್ಳಿಯ ಹುಡುಗಿಯ ತಂದೆ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಯಾರ ಫೋಟೋ ತೋರಿಸಿದರೂ ಹಳೆಯ ಪಾಸ್ ಪರೀಕ್ಷಿಸುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹುಡುಗಿಗೆ ಮೂವತ್ತಮೂರು, ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಮೊದಲ ದಿನ ಅವಳನ್ನು ಬಿಟ್ಟು ತಂದೆ ತಾಯಿ ಇಬ್ಬರೇ ಬಂದಿದ್ದರು.

ನಾನು ಪರದೆಯ ತುಂಬ ನಮ್ಮ ಹುಡುಗನ ಫೋಟೋ, ಪಕ್ಕದಲ್ಲಿ ಜಾತಕ ತೆರೆದಿಟ್ಟೆ. ಇಬ್ಬರೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಅಷ್ಟರಲ್ಲಿ ನನ್ನ ಬೆರಳು ಮೌಸಿನ ಚಕ್ರದ ಮೇಲೆ ಎಲ್ಲಿ ಜಾರಿತೋ ಏನೋ, ಹುಡುಗನೂ ಇಲ್ಲ, ಜಾತಕವೂ ಇಲ್ಲ. ಯಾವುದೋ ಊರಿನ ನೀಲಿ ಬೆಟ್ಟ ಮಾತ್ರ ಇತ್ತು.

"ಹುಡುಗ ಎಲ್ಲಿ ಮೇಡಂ?" ಎಂದರು ತಂದೆ.

"ಈಗ ಇದ್ದ ಸಾರ್."

"ನಾನು ನೋಡ್ಬೇಕಾದ್ರೇ ಇಳಿದುಬಿಟ್ನಾ?"

ಆರು ವರ್ಷದ ಫೈಲು ಇವತ್ತೇ ಅಳಿಸಿಹೋಗಬೇಕಿತ್ತೇ ಎಂದು ನನ್ನನ್ನೇ ಬೈದುಕೊಂಡು ಮೆಟ್ಟಿಲ ಹತ್ತಿರ ಹೋಗಿ ಕೂಗಿದೆ. ಮೇಡಂ ಬಂದು ಎರಡು ಕೀ ಒತ್ತಿದರು. ಹುಡುಗ ಜಾತಕಸಮೇತ ಪ್ರತ್ಯಕ್ಷನಾದ.

"ಏನೂ ಅಳಿಸಿಲ್ಲ ಆಂಟಿ. ಇದರಲ್ಲಿ ನಾಲ್ಕು ಡೆಸ್ಕ್‌ಟಾಪ್ ಇದೆ. ನಮ್ಮ ಬಿಲ್ಡಿಂಗಲ್ಲಿ ನಾಲ್ಕು ಪೋರ್ಷನ್ ಇಲ್ವಾ, ಹಾಗೆ. ನೀವು ಗೊತ್ತಿಲ್ದೆ ಪಕ್ಕದ ಪೋರ್ಷನ್‌ಗೆ ಹೋಗ್ಬಿಟ್ಟಿದ್ರಿ ಅಷ್ಟೆ."

ನನಗೆ ಹೋದ ಜೀವ ಬಂದಂತಾಯಿತು. ಹುಡುಗಿಯ ತಾಯಿ ಆಗ ಮೆಲ್ಲಗೆ ನನ್ನ ಕಡೆ ಬಾಗಿದರು. "ಹೆಂಗೂ ಬಂದಿದೀವಿ, ಮಿಕ್ಕ ಮೂರು ಪೋರ್ಷನ್‌ನಲ್ಲಿರೋ ಹುಡುಗರನ್ನೂ ತೋರಿಸ್ಬಿಡಿ."

ಇದ್ದದ್ದು ಇದ್ದ ಹಾಗೆ

ಕ್ಲಿಪ್ಪರ್ ಎನ್ನುವುದು ನಾವು ಕಾಪಿ ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಬೇಕಾದ್ದನ್ನು ಆರಿಸಿ ಅಂಟಿಸಿದರೆ ಆಯಿತು. ನನ್ನಂಥವರಿಗೆ ವರ. ಹುಡುಗನ ಗುಣನಡತೆ ನಾಲ್ಕು ಸಾಲು ಬರೆದು ಕಳಿಸಿ ಎಂದು ತಂದೆ ಕೇಳಿದ್ದರು. ಚೆನ್ನಾಗಿ ಬರೆದೆ, ಕಾಪಿ ಮಾಡಿದೆ, ಕಳಿಸಿದೆ. ಕಳಿಸಿ ಕಾಫಿಗೆ ಎದ್ದವಳು ಒಂದು ಸಲ ತಿರುಗಿ ನೋಡಿ ಕಾಫಿ ಮರೆತು ವಾಪಸ್ ಕೂತೆ.

ಮನೆಯವರ ಹಳೆಯ ಸ್ಕೂಟರ್ ಮಾರಲು ಬೆಳಿಗ್ಗೆ ಬರೆದು ಕಾಪಿ ಮಾಡಿದ್ದ ಜಾಹೀರಾತು ಪಟ್ಟಿಯಲ್ಲಿ ಅದರ ಕೆಳಗೇ ಇತ್ತು. ಹೋಗಿದ್ದು ಅದು: "ಒಬ್ಬರ ಕೈಯಲ್ಲೇ ಇದ್ದದ್ದು. ನೋಡೋಕೆ ಸ್ವಲ್ಪ ಹಳೇದು, ಒಳಗೆ ಗಟ್ಟಿ. ಬೆಳಿಗ್ಗೆ ಹೊತ್ತು ಶುರುವಾಗೋದು ನಿಧಾನ, ಆಮೇಲೆ ತೊಂದರೆ ಕೊಡಲ್ಲ. ಇಷ್ಟು ದಿನ ಮೂಲೆಯಲ್ಲಿ ನಿಂತೇ ಇತ್ತು. ಆಸಕ್ತಿ ಇದ್ದವರು ಬಂದು ನೋಡಿ."

ಕ್ಷಮೆ ಹೇಗೆ ಕೇಳುವುದೆಂದು ಯೋಚಿಸುವಷ್ಟರಲ್ಲಿ ತಂದೆಯ ಫೋನೇ ಬಂತು. ಎತ್ತಿದೆ.

"ಮೇಡಂ, ನಾಲ್ಕು ಬ್ಯೂರೋ ನೋಡಿದೀನಿ. ಎಲ್ರೂ ಹುಡುಗನ್ನ ಶ್ರೀರಾಮಚಂದ್ರ ಅಂತಾನೇ ಬರೀತಾರೆ. ಇದ್ದದ್ದು ಇದ್ದ ಹಾಗೆ ಹೇಳಿದವರು ನೀವೊಬ್ರೇ. ಭಾನುವಾರ ಮಗಳನ್ನ ಕರ್ಕೊಂಡು ಬರ್ತೀವಿ."

ಅವರಿಗೆ ಹೇಳ್ಬೇಡಿ

ಭಾನುವಾರ ನಮ್ಮ ಮನೆಯಲ್ಲೇ ಸೇರಿದರು. ಮೇಡಂ ನನ್ನ ಫೋನನ್ನು ಕಂಪ್ಯೂಟರಿಗೆ ಜೋಡಿಸಿಕೊಟ್ಟಿದ್ದರು. ಫೋನಿಗೆ ಮೆಸೇಜ್ ಬಂದರೆ ಪರದೆಯ ಮೇಲೂ ಕಾಣುತ್ತದೆ. ನನ್ನ ಕನ್ನಡಕದ ನಂಬರ್ ನೋಡಿ ಅಕ್ಷರವನ್ನೂ ದೊಡ್ಡದು ಮಾಡಿದ್ದರು.

ನಮ್ಮ ಹುಡುಗ ಯಥಾಪ್ರಕಾರ ಉಪ್ಪಿಟ್ಟು ಮುಗಿಸಿ, ತಲೆ ತಗ್ಗಿಸಿ ಕೂತ. ಹುಡುಗಿ, "ಕೆಲಸ ಹೇಗಿದೆ?" ಎಂದಳು. "ಪರವಾಗಿಲ್ಲ." "ಲಿಫ್ಟಲ್ಲಿ ಸಿಕ್ಕಾಕೊಂಡವ್ರು ಭಯ ಬಿದ್ರೆ ಏನ್ ಮಾಡ್ತೀರ?" "ಮಾತಾಡಿಸ್ತೀನಿ." ಇವನು ಮಾತಾಡಿಸುತ್ತಾನಂತೆ. ಅಷ್ಟು ಹೇಳಿ ಮೊಬೈಲ್ ತೆಗೆದ. ಈ ಸಂಬಂಧವೂ ಹೋಯಿತು ಎಂದು ನಾನು ಒಳಗೊಳಗೇ ಲೆಕ್ಕ ಮುಗಿಸಿದೆ. ಅವನು ಮೊಬೈಲ್ ಒತ್ತುತ್ತ ಕೂತದ್ದು ಕಂಡು ಇನ್ನೂ ಸಿಟ್ಟು ಬಂತು.

ಟಿಂಗ್ ಎಂದಿತು ಕಂಪ್ಯೂಟರ್. ಎಲ್ಲರೂ ಆ ಕಡೆ ತಿರುಗಿದರು. ಪರದೆಯ ಮೇಲೆ ದಪ್ಪ ದಪ್ಪ ಅಕ್ಷರ: "ಆಂಟಿ, ನಂಗೆ ತುಂಬಾ ಇಷ್ಟ ಆದ್ರು. ಏನ್ ಮಾತಾಡ್ಬೇಕೋ ಗೊತ್ತಾಗ್ತಿಲ್ಲ. ಅವರಿಗೆ ಹೇಳ್ಬೇಡಿ."

ಹುಡುಗನ ಕಿವಿ ಕೆಂಪಾಯಿತು. ಹುಡುಗಿಯ ಅಪ್ಪ ಕೆಮ್ಮಿದರು. ಹುಡುಗಿ ಮಾತ್ರ ಕಾಫಿ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದಳು, "ಆಂಟಿ, ನೀವೇನೂ ಹೇಳ್ಬೇಡಿ. ನಾವೇ ಓದ್ಕೊಂಡ್ವಿ."

ಹನ್ನೊಂದು ಮದುವೆ

ನಿಶ್ಚಿತಾರ್ಥದ ದಿನ ಗೊತ್ತು ಮಾಡಲು ತಂದೆ ಮಗಳು ಬಂದರು. ಎಲ್ಲ ಸುಗಮ ಎಂಬ ಧೈರ್ಯದಲ್ಲಿ ನಾನು ಡಿಜಿಕ್ಯಾಮ್ ಎಂಬ ಫೋಟೋ ಆ್ಯಪ್ ತೆಗೆದೆ. ಹೆಸರು ಬರೆಸಿದವರ ಫೋಟೋ, ನಮ್ಮ ಬ್ಯೂರೋದಿಂದ ಮದುವೆಯಾದವರು ಕೊಟ್ಟ ಫೋಟೋ ಎಲ್ಲ ಅದರಲ್ಲಿವೆ. ಮುಖ ಗುರುತು ಹಿಡಿದು ಒಬ್ಬೊಬ್ಬರ ಫೋಟೋಗಳನ್ನು ಒಂದೆಡೆ ಸೇರಿಸುವುದು ಅದರ ವಿದ್ಯೆ. ನಮ್ಮ ಹುಡುಗನ ಇನ್ನೊಂದು ಒಳ್ಳೆಯ ಫೋಟೋ ಸಿಗಬಹುದೆಂದು ಅವನ ಮುಖದ ಮೇಲೆ ಒತ್ತಿದೆ.

ಸಿಕ್ಕಿತು. ಒಂದಲ್ಲ, ಸಾಲುಸಾಲಾಗಿ. ಅಂಚೆಚೀಟಿಯಷ್ಟು ಚಿಕ್ಕವು, ಎಲ್ಲವೂ ಮದುವೆ ಮಂಟಪದವು. ತಂದೆ ಬೆರಳಿಟ್ಟು ಎಣಿಸಿದರು.

"ಹನ್ನೊಂದು ಮದುವೆ ಮೇಡಂ. ಹನ್ನೊಂದು ಹೆಣ್ಣು."

"ಸಾರ್, ಏನೋ ತಪ್ಪಾಗಿದೆ."

"ತಪ್ಪು ಅವನದಾ, ಕಂಪ್ಯೂಟರ್‌ದಾ, ನಿಮ್ಮದಾ? ಅದನ್ನ ಹೇಳಿ. ಆಮೇಲೆ ನಾನು ಹೊರಡ್ತೀನಿ."

ಮದುವೆ ಫೋಟೋದಲ್ಲಿ ನಾನು ನೋಡುವುದು ಮಧ್ಯದ ಜೋಡಿಯನ್ನು ಮಾತ್ರ. ಹುಡುಗನಿಗೆ ಫೋನ್ ಮಾಡಿದೆ. ರಾಜಾಜಿನಗರದಲ್ಲಿ ಯಾವುದೋ ಲಿಫ್ಟ್ ಸರಿಮಾಡುತ್ತಿದ್ದವನು ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳದೆ ಬಂದ. ಅವನು ಬರುವವರೆಗೆ ತಂದೆ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು.

ಹುಡುಗ ಪರದೆ ನೋಡಿದ, ನನ್ನನ್ನು ನೋಡಿದ. "ನೀವೇ ಅಲ್ವಾ ಆಂಟಿ ಹೇಳಿದ್ದು?"

"ನಾನೇನು ಹೇಳಿದೆ?"

"ಹೆಸರು ಬರೆಸಿದ ದಿನ. ನಮ್ಮ ಬ್ಯೂರೋ ಕಡೆ ಯಾವ ಮದುವೆ ಆದ್ರೂ ತಪ್ಪಿಸ್ಬೇಡ, ಒಳ್ಳೆ ಶರ್ಟ್ ಹಾಕ್ಕೊಂಡು ಹೋಗು, ನಾಲ್ಕು ಜನದ ಕಣ್ಣಿಗೆ ಬಿದ್ರೆ ಯಾರಾದ್ರೂ ವಿಚಾರಿಸ್ತಾರೆ ಅಂದ್ರಿ. ಹೋದೆ. ಫೋಟೋಗೆ ನಿಂತ್ಕೊಳಿ ಅಂದ್ರು. ನಿಂತ್ಕೊಂಡೆ."

ಹೌದು, ಹೇಳಿದ್ದೆ. ಬಂದವರಿಗೆಲ್ಲ ಹೇಳುವ ಮಾತು ಅದು, ಹೇಳಿ ಮರೆಯುವ ಮಾತು. ಇವನೊಬ್ಬ ಅದನ್ನು ಆರು ವರ್ಷ ಪಾಲಿಸಿದ್ದ. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ತಂದೆ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಒಂದೊಂದೇ ಫೋಟೋ ನೋಡಿದರು. ಹನ್ನೊಂದರಲ್ಲೂ ಅವನು ಸಾಲಿನ ಕಟ್ಟಕಡೆಯವನು. ಎರಡರಲ್ಲಿ ಅರ್ಧ ಮುಖವೇ ಫೋಟೋದ ಹೊರಗೆ. ಎಲ್ಲದರಲ್ಲೂ ಅದೇ ನೀಲಿ ಶರ್ಟು. ಅವರು ಮಗಳ ಮುಖ ನೋಡಿದರು.

"ಹನ್ನೆರಡನೇದ್ರಲ್ಲಾದ್ರೂ ಮಧ್ಯ ನಿಂತ್ಕೊಳ್ಲಿ ಬಿಡಪ್ಪ" ಎಂದಳು ಹುಡುಗಿ. ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದೆ.

ವಿಜಯನಗರದ ಛತ್ರದಲ್ಲಿ ಮದುವೆ ಆಯಿತು. ಹೊಟ್ಟೆ ತುಂಬ ಉಂಡು, ಆರು ವರ್ಷದ ಭಾರ ಇಳಿಸಿ ಬಂದೆ. ವಾರ ಕಳೆದ ಮೇಲೆ ತಂದೆ ಫೋಟೋಗಳನ್ನು ತಂದುಕೊಟ್ಟರು. ಇಬ್ಬರೂ ಕೂತು ಅದೇ ಆ್ಯಪಿಗೆ ಹಾಕಿದೆವು. ಅದು ತಂದೆಯನ್ನು ಹಿಡಿಯಿತು, ತಾಯಿಯನ್ನು ಹಿಡಿಯಿತು, ಹುಡುಗಿಯನ್ನೂ ಹಿಡಿಯಿತು. ಮಧ್ಯದಲ್ಲಿ ಪೇಟ ಸುತ್ತಿ, ಬಾಸಿಂಗ ಕಟ್ಟಿ, ಕೆನ್ನೆವರೆಗೆ ಹಾರ ಹಾಕಿಕೊಂಡು ನಿಂತವನ ಮುಖದ ಸುತ್ತ ಮಾತ್ರ ಒಂದು ಚೌಕ ಬರೆದು, ಇವರು ಯಾರು ಎಂದು ಕೇಳಿತು.

ತಂದೆ ಕನ್ನಡಕ ಸರಿಮಾಡಿಕೊಂಡು ಪರದೆಯ ಕಡೆ ಬಗ್ಗಿದರು.

"ಹನ್ನೊಂದು ಟ್ರಿಪ್ಪು ಫುಟ್‌ಬೋರ್ಡಲ್ಲಿ ನೇತಾಡ್ತಿದ್ದಾಗ ಗುರ್ತು ಹಿಡೀತಲ್ಲ ಮೇಡಂ ಇದು. ಟಿಕೆಟ್ ತಗೊಂಡು ಸೀಟಲ್ಲಿ ಕೂತ ಮೇಲೆ ಯಾರು ಅಂತ ಕೇಳ್ತಾ ಇದೆ."