ಬಾಣಂತಿ ಕೋಣೆಯ ಹೈಟ್ಸುಂಗ್

ಜರ್ಮನಿ ದೇಶ ತನ್ನಲ್ಲಿರುವ ಜಾಣರು ಸಾಲದೆಂದು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ಮಹಾನುಭಾವರಲ್ಲಿ ನಾನೂ ಒಬ್ಬ! ಸಿಂಡೆಲ್‌ಫಿಂಗೆನ್‌ನಲ್ಲಿ ಕುಳಿತು, ಕಾರಿನ ಎಂಜಿನ್ ಎಷ್ಟು ಕಾಯಬೇಕು, ಎಷ್ಟು ತಣ್ಣಗಾಗಬೇಕು ಎಂದು ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ಇಂಥ ನಾನು, ನಮ್ಮ ಬಾಡಿಗೆ ಮನೆಯನ್ನು ಬಿಸಿನೀರಿನಿಂದ ಬೆಚ್ಚಗಿಡುವ ಮುದಿ ಹೈಟ್ಸುಂಗನ್ನು ನಾನೇ ಸರಿಮಾಡುತ್ತೇನೆಂದು ಶಪಥ ಮಾಡಿದ್ದರಲ್ಲಿ ಆಶ್ಚರ್ಯವೇನು?

ಶಪಥಕ್ಕೆ ಕಾರಣ ನಮ್ಮತ್ತೆ ಸಾವಿತ್ರವ್ವ. ನನ್ನ ಹೆಂಡತಿ ಪ್ರೇಮಕುಮಾರಿಗೆ ಆಗ ಆರು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಅತ್ತೆಯ ಹಟ. ಕೂಸಿನ ಮುಖವನ್ನು ಮೊದಲ ದಿನವೇ ನೋಡಬೇಕೆಂಬುದು ನನ್ನ ಆಸೆ. ಕಡೆಗೆ ಗದಗಿನಿಂದ ಫೋನಿನಲ್ಲಿ ತೀರ್ಪು ಬಂತು.

"ನಾನ ಬಂದು ನೋಡ್ತೀನಿ. ಬಾಣಂತಿ ಖೋಲಿ ಬೆಚ್ಚಗ ಇದ್ರ ಅಕಿ ಅಲ್ಲೇ ಇರಲಿ. ಇಲ್ಲಂದ್ರ ನನ್ನ ಸಂಗಾಟ ವಿಮಾನ ಹತ್ತಸ್ತೀನಿ!"

ಗೋಡೆಗೆ ಆನಿಸಿದ, ಒಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ನಮ್ಮ ಮನೆಯ ನಾಲ್ಕು ರೇಡಿಯೇಟರುಗಳಿಗೆ ಎರಡೇ ಬುದ್ಧಿ. ತಿರುಪು ಬಿಟ್ಟರೆ ಬಳ್ಳಾರಿ ಬಿಸಿಲು, ಮುಚ್ಚಿದರೆ ಹಿಮಾಲಯ. ಕೋಣೆಯ ಕಾವು ನೋಡಿಕೊಂಡು ತಾನೇ ತೆರೆದು ತಾನೇ ಮುಚ್ಚುವ ಥರ್ಮೋಸ್ಟಾಟ್ ವಾಲ್ವ್ ಹಾಕಿದರೆ ಮುಗಿಯಿತು! ಕೆಳಗಿನ ಮನೆಯಲ್ಲಿರುವ ನಮ್ಮ ಮನೆಯೊಡತಿ ಫ್ರೌ ಹೆಗೆಲೆಯವರನ್ನು ಕೇಳಿದರೆ, ಪ್ಲಂಬರ್ ಬರಲು ಮೂರು ವಾರ ಎಂದರು. ಅತ್ತೆ ಬರಲು ಉಳಿದದ್ದು ಎಂಟೇ ದಿನ.

"ನಾನೇ ಹಾಕುತ್ತೇನೆ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮ್ಮ ಮನೆಯದಕ್ಕೆ ಮಾತ್ರ ಹಾಕಿ. ನನ್ನದನ್ನು ಮುಟ್ಟಬೇಡಿ" ಎಂದರು.

ಶನಿವಾರ ಆಫೀಸಿನ ಗೆಳೆಯ ರವಿಶಂಕರ ಸಹಾಯಕ್ಕೆ ಬಂದ. ಎರಡೂ ಮನೆಗೆ ಬಿಸಿನೀರು ಕಳಿಸುವ ನೆಲಮಾಳಿಗೆಯ ಬಾಯ್ಲರ್ ಆರಿಸಿ, ನೀರು ಹೊರಗೆ ಬಿಟ್ಟೆವು.

"ಗುರು, ನೀರೆಲ್ಲಾ ಖಾಲಿ ಆಗಿದ್ಯಾ? ಇನ್ನೊಂದ್ ಹತ್ತು ನಿಮಿಷ ಕಾಯೋಣ್ವಾ?"

"ನಾ ಲೆಕ್ಕಾ ಹಾಕೀನಿ ತಗೋ!" ಎಂದು ಹಳೆಯ ವಾಲ್ವಿಗೆ ಪಾನಾ ಹಾಕಿ ತಿರುಗಿಸಿದೆ. ಮೂವತ್ತು ವರ್ಷ ಆ ಕಬ್ಬಿಣದೊಳಗೆ ತಪಸ್ಸಿಗೆ ಕುಳಿತಿದ್ದ ಕರಿನೀರು ಎದ್ದು ಬಂದು ನನ್ನ ಮುಖಕ್ಕೇ ಅಭಿಷೇಕ ಮಾಡಿತು!

"ಪ್ರೇಮಾ, ಭಾಂಡೆ ತಾ! ಲಗೂ ತಾ!"

ಅವಳು ಇಡ್ಲಿ ಪಾತ್ರೆ ಹಿಡಿದು ಓಡಿಬಂದವಳು ನೀರಿನ ಬಣ್ಣ ನೋಡಿ ಹಿಂದೆ ಸರಿದಳು. "ಇದರಾಗ ಒಟ್ಟ ಬ್ಯಾಡ್ರಿ! ನಿಮ್ಮ ಬೂಟಿನ್ಯಾಗ ಹಿಡಕೋರಿ!"

ಏನೇ ಆಗಲಿ, ಸಂಜೆಯೊಳಗೆ ನಾಲ್ಕೂ ವಾಲ್ವು ಕೂತವು. ನೀರು ತುಂಬಿಸಿ, ಗಾಳಿ ತೆಗೆದು, ಬಾಯ್ಲರ್ ಹಚ್ಚಿದೆವು. ಮನೆ ಹದವಾಗಿ ಬೆಚ್ಚಗಾಯಿತು. ಅಲ್ಲಿಗೇ ಸುಮ್ಮನಿದ್ದಿದ್ದರೆ ನಾನು ಇವತ್ತಿಗೂ ದೊಡ್ಡ ಮನುಷ್ಯನಾಗಿರುತ್ತಿದ್ದೆ!

ನಮ್ಮ ಕಡೆ ಹೊಸ ಸಾಮಾನು ತಂದರೆ ಅದಕ್ಕೊಂದು ಗವಸಣಿಗೆ ಹೊಲಿಯದೆ ಜೀವಕ್ಕೆ ಸಮಾಧಾನವಿಲ್ಲ. ಟಿವಿಗೆ, ಮಿಕ್ಸರಿಗೆ, ಫ್ರಿಜ್ಜಿನ ಹಿಡಿಕೆಗೆ, ರಿಮೋಟಿಗೆ. ಬೆಳ್ಳಗೆ ಹೊಳೆಯುವ ನನ್ನ ಥರ್ಮೋಸ್ಟಾಟುಗಳು ಮಾತ್ರ ಬತ್ತಲೆ ನಿಲ್ಲಬೇಕೇ? ಅತ್ತೆ ಬರುವ ದಿನ ಬೆಳಿಗ್ಗೆ ಹಳೆಯ ಸ್ವೆಟರ್ ಕತ್ತರಿಸಿ, ಎರಡು ಪದರ ಮಾಡಿ, ಕೈಯಾರೆ ಹೊಲಿದು, ನಾಲ್ಕಕ್ಕೂ ತೊಡಿಸಿ ಲಾಡಿ ಬಿಗಿದೆ.

"ರೀ, ಅದರ ಮ್ಯಾಲೆ ಏನೂ ಮುಚ್ಚಬಾರದಂತ ಡಬ್ಬಿ ಮ್ಯಾಲೆ ಚಿತ್ರಾ ತಗದಾರ ನೋಡ್ರಿ."

"ಡಬ್ಬಿ ನೋಡಿ ಕೆಲಸಾ ಮಾಡಾಕ ನಾ ಏನ ಕಲಿಯೋ ಹುಡುಗೇನ? ನಿಮ್ಮವ್ವ ಬಂದು ನೋಡಿ ಬಾಯಿಮ್ಯಾಲೆ ಬೆರಳ ಇಡಬೇಕು, ಸುಮ್ನಿರು!"

ವಿಮಾನ ನಿಲ್ದಾಣಕ್ಕೆ ಹೋಗಿ ಅತ್ತೆಯನ್ನು ಕರೆತಂದೆವು. ಡಿಸೆಂಬರ್, ಹೊರಗೆ ಹಿಮ. ಅತ್ತೆ ಚಪ್ಪಲಿ ಬಿಟ್ಟವರೇ ನೆಟ್ಟಗೆ ಬಾಣಂತಿ ಕೋಣೆಗೆ ನಡೆದು ರೇಡಿಯೇಟರಿನ ಮೇಲೆ ಕೈಯಿಟ್ಟರು.

"ಇದೇನ್ರಿ ಅಳಿಯಂದ್ರ, ಕಲ್ಲಬಾನಿ ನೀರಿನಕಿಂತ ತಣ್ಣಗೈತಿ!"

"ಈಗ... ಈಗ ಕಾಯತೈತ್ರಿ!" ಎಂದು ನಾಲ್ಕನ್ನೂ ಕೊನೆಯ ಅಂಕಿಗೆ ತಿರುವಿದೆ. ಅತ್ತೆ ಶಾಲು ಹೊದ್ದರು. ಒಂದು ತಾಸಾಯಿತು. ಶಾಲಿನ ಮೇಲೆ ಕೌದಿ ಹೊದ್ದರು. ಇನ್ನೊಂದು ತಾಸಾಯಿತು.

"ಪ್ರೇಮಾ, ಅರಿವಿ ಗಂಟ ಕಟ್ಟು, ಊರಿಗೆ ಹೋಗೂಣು" ಎಂದಿತು ಕೌದಿಯೊಳಗಿನ ದನಿ.

ನಾನು ಮೂರು ಮೂರು ಮೆಟ್ಟಿಲು ಹಾರಿ ನೆಲಮಾಳಿಗೆಗೆ ಓಡಿ, ಬಾಯ್ಲರಿನ ಕಾವನ್ನು ಕೊನೆಯ ಗೆರೆಗೆ ಏರಿಸಿದೆ. ಅರ್ಧ ತಾಸಿಗೆ ಬಾಗಿಲು ದಡದಡ. ಫ್ರೌ ಹೆಗೆಲೆ! ತೋಳಿಲ್ಲದ ಅಂಗಿ, ಟೊಮೆಟೊದಂಥ ಮುಖ, ಕೈಯಲ್ಲಿ ಗಾಳಿ ಬೀಸಿಕೊಳ್ಳಲು ನ್ಯೂಸ್ ಪೇಪರ್.

"ಹೆರ್ ಬಸಲಿಂಗಯ್ಯ! ನನ್ನ ಹೂಗಿಡಗಳೆಲ್ಲ ಬಾಡಿ ಬಿದ್ದವು! ನನ್ನನ್ನು ಬೇಯಿಸಬೇಕೆಂದಿದ್ದೀರಾ?"

ಹಾಗೆನ್ನುತ್ತ ಒಳಗೆ ಬಂದವರು ಗಡಗಡ ನಡುಗಿದರು. ಒಮ್ಮೆ ಕೌದಿಯ ಗುಡ್ಡೆಯನ್ನು ನೋಡಿದರು, ಒಮ್ಮೆ ರೇಡಿಯೇಟರನ್ನು ನೋಡಿದರು. ನಂತರ ಎರಡು ಬೆರಳಲ್ಲಿ ನನ್ನ ಗವಸಣಿಗೆ ಹಿಡಿದೆತ್ತಿ, "ಈ ಟೋಪಿಯೊಳಗೆ ಬಿಸಿ ಕೂಡಿಕೊಂಡಿದೆ. ಇಡೀ ಕೋಣೆಯೇ ಕಾದಿದೆ ಎಂದು ತಿಳಿದು ಪಾಪ ಅದು ನೀರು ನಿಲ್ಲಿಸಿದೆ" ಎಂದರು.

ಇದನ್ನು ಕನ್ನಡಕ್ಕೆ ತಿರುಗಿಸುವ ಧೈರ್ಯ ನನಗಾಗಲಿಲ್ಲ. ಬೇಕಾಗಲೂ ಇಲ್ಲ! ಟೋಪಿ ತೆಗೆದ ಸ್ವಲ್ಪ ಹೊತ್ತಿಗೆ ರೇಡಿಯೇಟರು ಗುಳುಗುಳು ಎಂದು ಕಾಯತೊಡಗಿದ್ದನ್ನು ಅತ್ತೆ ಕೌದಿಯ ಸಂದಿಯಿಂದಲೇ ನೋಡಿದ್ದರು.

"ಕುಂಚಿಗಿ ಹಾಕಿ ಲಾಡಿ ಬಿಗದ್ರ ಕೂಸಿಗಾದ್ರೂ ಸೆಕಿ ಆಗ್ತೈತಿ. ಇಷ್ಟೂ ತಿಳೀಲಿಲ್ಲೇನ್ರಿ ನಿಮಗ?"

ಪ್ರೇಮಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೆಂದು ಬೇರೆ ಹೇಳಬೇಕೇ? ನಾನು ಬಾಯ್ಲರ್ ಇಳಿಸಿ ಬರುವುದರೊಳಗೆ ಅತ್ತೆ ಕೌದಿ ಕಿತ್ತೆಸೆದು, ರೇಡಿಯೇಟರಿಗೆ ಬೆನ್ನುಕೊಟ್ಟು ಕುಳಿತಿದ್ದರು. ಪಕ್ಕದಲ್ಲಿ ಫ್ರೌ ಹೆಗೆಲೆ ಚಹಾ ಕುಡಿಯುತ್ತಿದ್ದರು.

"ಮತ್ತ... ಪ್ರೇಮಾ ಇಲ್ಲೇ ಇರಲೇನ್ರಿ ಅತ್ತಿ?" ಎಂದೆ, ಜೀವ ಕೈಯಲ್ಲಿ ಹಿಡಿದು.

"ಇರಲಿ ಬಿಡ್ರಿ. ಖೋಲಿ ಬೆಚ್ಚಗೈತಿ. ಈ ಜರ್ಮನಿ ಹೆಣಮಗಳೂ ಭಾಳ ಶ್ಯಾಣೇಕಿ ಅದಾಳ."

ನಾನು ಕುಣಿಯುವುದೊಂದೇ ಬಾಕಿ! ಅಷ್ಟರಲ್ಲಿ ಅತ್ತೆ ಬೆರಳೆತ್ತಿದರು.

"ಆದ್ರ ಒಂದ ಮಾತು. ತೊಟ್ಟಿಲಾ ಮಾತ್ರ ಈ ಹೆಣಮಗಳ ಕೈಲೇ ಕಟ್ಟಸ್ರಿ. ನೀವು ದೂರ ನಿಂತು ಜೋಗುಳಾ ಹಾಡ್ರಿ, ಸಾಕು!"