ಬ್ರೆಡ್ ವ್ಯಾನಿಗೊಂದು ವಿಳಾಸ

ಮನೆಮಠ ಇಲ್ಲದವನಿಗೆ ಚಿಂತೆಯೂ ಇಲ್ಲ ಎಂದು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನಿಗೆ ಪಾರ್ಸೆಲ್ ಬರುತ್ತಿರಲಿಲ್ಲ ಎನ್ನುವುದಂತೂ ಖಾತ್ರಿ. ಈ ಸತ್ಯ ನಮ್ಮ ಸರ್ವೇಯರ್ ಸಾಹೇಬರಿಗೆ ಹೊಳೆಯುವ ಹೊತ್ತಿಗೆ ಅವರು ಮನೆಯನ್ನು ಬಾಡಿಗೆಗೆ ಕೊಟ್ಟು, ಬೇಕರಿಯವರ ಹಳೇ ಬ್ರೆಡ್ ವ್ಯಾನ್ ಒಂದನ್ನು ಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೂರು ಸುತ್ತಲು ಹೊರಟು ವರ್ಷವಾಗಿತ್ತು.

ಸಾಹೇಬರು ಜೀವಮಾನವಿಡೀ ಕಂಡವರ ಜಾಗ ಅಳೆದವರು. ಒಂದು ಗೇಣು ನೆಲಕ್ಕಾಗಿ ಅಣ್ಣತಮ್ಮಂದಿರು ಕಾಂಪೌಂಡಿನ ಆಚೀಚೆ ನಿಂತು ಒಬ್ಬರ ವಂಶವನ್ನೊಬ್ಬರು ಜಾಲಾಡುವುದನ್ನು ಕೇಳಿ ಕೇಳಿ ಅವರಿಗೆ ನೆಲದ ಮೇಲೇ ಜಿಗುಪ್ಸೆ ಬಂದಿತ್ತು. ರಿಟೈರ್ ಆದ ಸಂಜೆ ಮನೆಗೆ ಬಂದವರೇ, “ಇನ್ಮೇಲೆ ನಮಗೆ ಗಡಿಯೇ ಇಲ್ಲ ಕಣೇ! ಸಂಸಾರ ಅಂದ್ರೆ ಸಂಚಾರ!” ಎಂದು ಘೋಷಿಸಿದರು. ಅವರ ಹೆಂಡತಿ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿದವರು, ಊರಿಗೆಲ್ಲ ಟೀಚರಮ್ಮ. ಅವರು ಸೂಜಿಗೆ ದಾರ ಪೋಣಿಸುತ್ತಲೇ, “ಗ್ಯಾಸ್ ಮುಗಿದಿದೆ, ಮೊದಲು ಅಂಗಡಿ ತನಕ ಸಂಚಾರ ಮಾಡ್ಕೊಂಡು ಬನ್ನಿ” ಎಂದರು.

ಆದರೂ ಹೊರಟರು. ಬ್ರೆಡ್ಡಿನ ಟ್ರೇ ಇದ್ದ ಕಡೆ ಮಡಚುವ ಮಂಚ ಬಂತು, ಬನ್ನಿನ ಕಪಾಟಿನಲ್ಲಿ ಬಟ್ಟೆ ಬಂತು. ಹೋಗದೇ ಉಳಿದದ್ದು ವಾಸನೆಯೊಂದೇ. ವ್ಯಾನು ಯಾವ ಊರಿನಲ್ಲಿ ನಿಂತರೂ ಬೀದಿನಾಯಿಗಳು ಮರ್ಯಾದೆಯಿಂದ ಸಾಲಾಗಿ ಬಂದು ಕೂರುತ್ತಿದ್ದವು. ಬೆಳಗ್ಗೆ ಯಾರಾದರೊಬ್ಬರು ಬಾಗಿಲು ಬಡಿದು, “ಒಂದು ಪೌಂಡು ಕೊಡಿ, ಅಂಚು ಜಾಸ್ತಿ ಸುಟ್ಟಿರಬಾರದು” ಎನ್ನುತ್ತಿದ್ದರು.

ಇದೆಲ್ಲ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಟಪಾಲು. ಸುತ್ತುವ ಮನುಷ್ಯನ ಹಿಂದೆ ಅವನ ಕಾಗದ ಪತ್ರ ಸುತ್ತುವುದಿಲ್ಲವಲ್ಲ. ಮೊದಮೊದಲು ಎಲ್ಲವೂ ಟೀಚರಮ್ಮನ ತಮ್ಮನ ಮನೆಗೆ ಹೋಗುವ ಹಾಗೆ ಏರ್ಪಾಡಾಯಿತು. ತಮ್ಮ ಬಲು ಜವಾಬ್ದಾರಿಯ ಮನುಷ್ಯ. (ಇದು ಟೀಚರಮ್ಮನ ಅಭಿಪ್ರಾಯ.) ಚಳಿಗಾಲದಲ್ಲಿ ಒಮ್ಮೆ ಅವನ ಫೋನ್ ಬಂತು.

“ಭಾವ, ನಿಮಗೊಂದು ಸ್ವೆಟರ್ ಬಂದಿತ್ತು. ಅಳತೆ ಸರಿಯಿದೆಯಾ ಅಂತ ಹಾಕಿ ನೋಡ್ದೆ.”

“ಸರಿ ಇದೆಯಾ?”

“ಭೇಷಾಗಿದೆ ಭಾವ. ನಾಲ್ಕು ಸಲ ಒಗೆದ್ರೂ ಬಣ್ಣ ಹೋಗಿಲ್ಲ!”

ಅಂದು ವ್ಯಾನಿನೊಳಗೆ ನಡೆದ ಮಾತಿನ ಚಕಮಕಿಯಲ್ಲಿ ಸಾಹೇಬರು ಹೆಂಡತಿಯ ತವರನ್ನು ಮೂಲೆ ಮೂಲೆಗೆ ಅಳೆದರು. ಹೆಂಡತಿ ಪ್ರತಿಯಾಗಿ, “ಸ್ವಂತ ಮನೆ ಬಿಟ್ಟು ಬಂದವರು ಬೇರೆಯವರ ಮನೆ ಬಾಗಿಲು ಸರಿಯಿಲ್ಲ ಅನ್ನಬಾರದು” ಎಂದರು. ಆ ಮಾತು ಸಾಹೇಬರಿಗೆ ನಾಟಿತು. ಅವರು ಒಂದು ಮಹಾಯೋಜನೆ ಹೂಡಿದರು: ಮುಂದೆ ಯಾವ ಊರಿಗೆ ಹೋಗುತ್ತೇವೋ ಆ ಊರಿನ ಲಾಡ್ಜಿನ ವಿಳಾಸ ಕೊಡುವುದು. ನಾವು ಹೋಗುವಷ್ಟರಲ್ಲಿ ವಸ್ತು ನಮಗಾಗಿ ಕಾದು ಕೂತಿರುತ್ತದೆ! ಒಮ್ಮೆ ಟೀಚರಮ್ಮನ ಹೊಸ ಕನ್ನಡಕ ಹಾಗೆಯೇ ಸಿಕ್ಕೂ ಸಿಕ್ಕಿತು. ಅಲ್ಲಿಂದ ಮುಂದೆ ಸಾಹೇಬರ ಕಾಲು ನೆಲಕ್ಕೆ ತಾಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತ ಅಪರಿಚಿತರಿಗೂ ಈ ಯೋಜನೆಯ ಮೇಲೆ ಉಪನ್ಯಾಸ ಆಗತೊಡಗಿತು.

ಹೀಗಿರುವಾಗ ದೂರದ ಪಟ್ಟಣದಲ್ಲಿದ್ದ ಮಗಳಿಗೆ ಹೆರಿಗೆ ದಿನ ಹತ್ತಿರವಾಯಿತು. “ಅಮ್ಮಾ, ನೀನು ಜೊತೆಗಿರಬೇಕು” ಎಂದಿದ್ದಳು. ಅಪ್ಪನ ಹೆಸರು ಎತ್ತಿರಲಿಲ್ಲ. ತಾನು ಹುಟ್ಟಿ ಬೆಳೆದ ಮನೆಯನ್ನು ಒಂದು ಮಾತೂ ಕೇಳದೆ ಬಾಡಿಗೆಗೆ ಕೊಟ್ಟರೆಂದು ಅವಳಿಗೆ ಅಪ್ಪನ ಮೇಲೆ ಮುನಿಸು. ಫೋನ್ ಮಾಡಿದರೆ, “ಚೆನ್ನಾಗಿದೀನಿ, ಅಮ್ಮನಿಗೆ ಕೊಡಿ” ಎನ್ನುವುದರಲ್ಲಿ ಮುಗಿಸುತ್ತಿದ್ದಳು. ಹೋಗಿ ಎದುರು ನಿಂತರೆ ಎಲ್ಲ ಸರಿಹೋಗುತ್ತದೆ ಎಂದು ಸಾಹೇಬರು ನಂಬಿದ್ದರು. ವ್ಯಾನು ಆ ದಿಕ್ಕಿಗೇ ಹೊರಟಿತ್ತು.

ಅರ್ಧ ದಾರಿಯಲ್ಲಿ, ಒಂದು ಸಣ್ಣ ಊರಿನ ಅಂಚಿನಲ್ಲಿ, ವ್ಯಾನು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ದೇವರು ದೊಡ್ಡವನು, ನಿಂತದ್ದು ಗ್ಯಾರೇಜಿನ ಮುಂದೆಯೇ. ಮೆಕ್ಯಾನಿಕ್ ಗಾಡಿಗಳನ್ನು ರೋಗಿಗಳ ಹಾಗೆ ಮಾತಾಡಿಸುವವನು. ಬಾನೆಟ್ಟು ಸವರಿ, ಕೆಳಗೆ ತೂರಿ, ಹೊರಗೆ ಬಂದು, “ಪಾಪ, ಎಷ್ಟು ದಿನದಿಂದ ಸಹಿಸ್ಕೊಂಡಿತ್ತೋ! ಕ್ಲಚ್ ಪ್ಲೇಟ್ ಹೋಗಿದೆ ಸಾರ್. ಈ ಮಾಡೆಲ್‌ದು ಇಲ್ಲೆಲ್ಲೂ ಸಿಗಲ್ಲ, ತರಿಸಬೇಕು” ಎಂದ.

ತರಿಸುವುದೇ? ಸಾಹೇಬರಿಗೆ ಹುಮ್ಮಸ್ಸು ಉಕ್ಕಿತು. ಫೋನಿನಲ್ಲೇ ಸಾಮಾನು ಹುಡುಕಿ, ಆರ್ಡರ್ ಕೊಟ್ಟು, ಅಭ್ಯಾಸಬಲದಿಂದ ಮುಂದಿನ ಊರಿನ ಲಾಡ್ಜಿನ ವಿಳಾಸ ಹಾಕಿ, ಕೈ ಝಾಡಿಸಿಕೊಂಡರು.

“ನಾಡಿದ್ದು ಅಲ್ಲಿಗೆ ಬಂದಿರುತ್ತೆ” ಎಂದರು.

ಟೀಚರಮ್ಮ ಕೈಲಿದ್ದ ಉಲ್ಲನ್ ಟೋಪಿ ಕೆಳಗಿಟ್ಟರು. (ಹುಟ್ಟಲಿರುವ ಮಗುವಿನದು.) “ಅಲ್ಲಿಗೆ ಹೇಗೆ ಹೋಗ್ತೀರಿ?”

“ವ್ಯಾನಲ್ಲಿ.”

“ವ್ಯಾನು ಹೇಗೆ ಹೋಗತ್ತೆ?”

“ಪ್ಲೇಟ್ ಹಾಕಿಸಿದ್ರೆ...” ಎಂದ ಸಾಹೇಬರ ಬಾಯಿ ಅಲ್ಲಿಗೇ ನಿಂತಿತು, ಅವರ ವ್ಯಾನಿನ ಹಾಗೆಯೇ.

“ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ ಅಂತಾರೆ. ನಿಮಗೆ ಮದುವೆ ಆದ್ಮೇಲೂ ಬಿಡ್ಲಿಲ್ಲವಲ್ರೀ!” ಎಂದರು ಟೀಚರಮ್ಮ. ಮೆಕ್ಯಾನಿಕ್ ನಗು ತಡೆಯಲಾರದೆ ಮತ್ತೆ ಗಾಡಿಯ ಕೆಳಗೆ ತೂರಿದ.

ಆಗಲಿ, ಬಸ್ಸಿದೆಯಲ್ಲ! ಪಾರ್ಸೆಲ್ ತಲುಪುವ ದಿನ ಸಾಹೇಬರು ಬಸ್ಸು ಹಿಡಿದು ಮುಂದಿನ ಊರಿಗೆ ಹೋದರು. ಲಾಡ್ಜಿನ ಮ್ಯಾನೇಜರ್ ಹಲ್ಲುಕಡ್ಡಿ ಬಾಯಿಂದ ತೆಗೆಯದೆಯೇ, “ಪಾರ್ಸೆಲ್ ಬಂದಿತ್ತು, ಆ ಹೆಸರಿನವರು ಇಳಿದುಕೊಂಡಿಲ್ಲ ಅಂತ ವಾಪಸ್ ಕಳಿಸ್ದೆ” ಎಂದ. ಸಾಹೇಬರು ಕೊರಿಯರ್ ಆಫೀಸಿಗೆ ಓಡಿದರು. ಅಲ್ಲಿನ ಗುಮಾಸ್ತೆ ಕಂಪ್ಯೂಟರ್ ನೋಡಿ, “ಅಯ್ಯೋ, ಮೇಡಂ ಒಬ್ಬರು ಫೋನ್ ಮಾಡಿದ್ರು ಸಾರ್. ಗ್ಯಾರೇಜ್ ಹತ್ರ ಇದೀವಿ, ಅಲ್ಲಿಗೇ ಕಳಿಸಿ ಅಂದ್ರು. ಈಗಷ್ಟೇ ಗಾಡೀಲಿ ಹೋಯ್ತು” ಎಂದಳು.

ಅಂದರೆ ಸಾಹೇಬರು ಹಿಂದಿರುಗುವ ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ ಅವರ ಪ್ಲೇಟು ಮುಂದಿನ ಗಾಡಿಯಲ್ಲಿ ಠೀವಿಯಿಂದ ಹೋಗುತ್ತಿತ್ತು. ಇವರು ಗ್ಯಾರೇಜ್ ಮುಟ್ಟಿದಾಗ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಬಂತಾ?” ಎಂದರು ಸಾಹೇಬರು.

“ಬಂತು. ಹೋಯ್ತು.”

“ಹೋಯ್ತಾ!”

“ಕೊರಿಯರಿನವನು ಮನೆ ನಂಬರ್ ಎಷ್ಟು ಅಂದ. ಹಿಂದುಗಡೆ ಬಂಪರ್ ಮೇಲೆ ಬರೆದಿದೆ ನೋಡಪ್ಪ ಅಂದೆ. ಪಾಪ, ಒಳ್ಳೆಯವನು, ಅದನ್ನೇ ಬರ್ಕೊಂಡ. ಆಮೇಲೆ ಓಟಿಪಿ ಹೇಳಿ ಅಂದ. ಅದು ನಿಮ್ಮ ಫೋನಿಗೆ ಬಂದಿದೆ. ನಿಮ್ಮ ಫೋನು?”

ಸಾಹೇಬರು ಜೇಬಿಂದ ಫೋನ್ ತೆಗೆದರು. ಅದು ಬೆಳಗ್ಗೆಯೇ ಚಾರ್ಜ್ ಮುಗಿದು ನಿದ್ದೆಹೋಗಿತ್ತು.

ವಿಳಾಸವಿಲ್ಲದ ಬಾಳಿನ ವಿಲಾಸ ಇಷ್ಟೇ ಎಂದು ಅವರು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಗ ಟೀಚರಮ್ಮನ ಫೋನ್ ಹೊಡೆದುಕೊಂಡಿತು. ಅಳಿಯ. ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದರು; ಹೇಳಿದ ದಿನಕ್ಕಿಂತ ಬಹಳ ಮುಂಚೆಯೇ ನೋವು ಕಾಣಿಸಿಕೊಂಡಿತ್ತು.

ಟೀಚರಮ್ಮ ಚೀಲ ತುಂಬತೊಡಗಿದರು. ಎರಡು ಸೀರೆ, ಕನ್ನಡಕ, ಅರ್ಧ ಹೆಣೆದ ಟೋಪಿ.

“ನಾನೂ ಬರ್ತೀನಿ” ಎಂದರು ಸಾಹೇಬರು.

“ಬಂದು? ಇಬ್ಬರೂ ಹೋದ್ರೆ ಆ ಪ್ಲೇಟು ಇನ್ನೊಂದು ಸಲ ಊರು ಸುತ್ತತ್ತೆ. ನಮ್ಮ ಸಂಸಾರವೆಲ್ಲ ಈ ಡಬ್ಬದೊಳಗೇ ಇದೆ. ಒಬ್ಬರಾದ್ರೂ ಒಂದು ಕಡೆ ನಿಂತರೆ ತಾನೇ ಅದು ಬರೋದು? ಬಂದ ತಕ್ಷಣ ಹಾಕಿಸ್ಕೊಂಡು ಬನ್ನಿ.”

ಬಸ್‌ಸ್ಟಾಂಡಿನಲ್ಲಿ ಸಾಹೇಬರು ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟರು. “ಮನೇಲೇ ಇದ್ದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ಅವಳೂ ಅಲ್ಲಿಗೇ ಬರ್ತಿದ್ಲು. ತಪ್ಪು ನಂದೇ ಕಣೇ” ಎಂದರು.

ಟೀಚರಮ್ಮ ಕಿಟಕಿಯ ಸರಳಿನ ಆಚೆಯಿಂದ ಗಂಡನ ಕಾಲರ್ ಸರಿಮಾಡಿದರು. “ಮನೇಲಿದ್ದಾಗ ನೀವು ಮಾತಾಡ್ತಾ ಇದ್ದದ್ದು ಪೇಪರ್ ಜೊತೆಗೆ. ಈ ಒಂದು ವರ್ಷ ನನ್ನ ಜೊತೆ ಮಾತಾಡಿದೀರಿ. ಜಗಳಾನೇ ಇರಲಿ. ಹೋಗಿ, ಫೋನ್ ಚಾರ್ಜ್ ಮಾಡ್ಕೊಳಿ.” ಬಸ್ಸು ಹೊರಟಿತು.

ಅಲ್ಲಿಂದ ಸಾಹೇಬರ ತಪಸ್ಸು ಶುರುವಾಯಿತು. ವ್ಯಾನಿನ ಹಿಂಬಾಗಿಲು ತೆರೆದು, ಕುರ್ಚಿ ಹಾಕಿ, ಫೋನನ್ನು ಗ್ಯಾರೇಜಿನ ಪ್ಲಗ್ಗಿಗೆ ಸಿಕ್ಕಿಸಿ ಕೂತರು. ಸ್ನಾನಕ್ಕೆ ಹೋಗಬೇಕಾದರೂ ಮೆಕ್ಯಾನಿಕ್ಕನನ್ನು ಕಾವಲು ನಿಲ್ಲಿಸುತ್ತಿದ್ದರು. ಊಟ ಅಲ್ಲೇ, ನಿದ್ದೆ ಅಲ್ಲೇ. ಗಡಿಗಳನ್ನೆಲ್ಲ ಧಿಕ್ಕರಿಸಿ ಹೊರಟ ಮಹಾನುಭಾವ ಈಗ ಕುರ್ಚಿಯಷ್ಟಗಲದ ಜಾಗಕ್ಕೆ ಅಂಟಿಕೊಂಡಿದ್ದ.

ಕೊರಿಯರಿನವನು ಮಾರನೆಯ ದಿನ ಬಂದ. ಸಾಹೇಬರು ಓಟಿಪಿ ಬಾಯಿಪಾಠ ಮಾಡಿಕೊಂಡು ಎದ್ದು ನಿಂತರು.

“ನಿಮ್ಮದು ಇನ್ನೂ ಬಂದಿಲ್ಲ ಸಾರ್, ಡಿಪೋಗೆ ಹೋಗಿದೆ. ಇದು ಎದುರು ಮನೆಯವರದು. ಅವರು ಕೆಲಸಕ್ಕೆ ಹೋಗಿದಾರೆ, ಬೀಗ ಹಾಕಿದೆ. ಸಂಜೆ ಕೊಟ್ಟುಬಿಡ್ತೀರಾ? ನೀವಂತೂ ಎಲ್ಲಿಗೂ ಹೋಗಲ್ಲ.”

ಕೊಟ್ಟುಬಿಟ್ಟರು. ಅದೇ ತಪ್ಪಾಯಿತು. ಆ ಬೀದಿಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ, ಹಗಲೆಲ್ಲ ಬೀಗ. ನರ್ಸಮ್ಮನ ಮಿಕ್ಸಿ ಬಂತು, ಟೈಲರನ ಕತ್ತರಿ ಬಂತು, ಮೂಲೆಮನೆ ಅಜ್ಜಿಯ ಮಂಡಿನೋವಿನ ಎಣ್ಣೆ ಬಂತು. ವಾರ ತುಂಬುವಷ್ಟರಲ್ಲಿ ಜನ ಆರ್ಡರ್ ಕೊಡುವಾಗಲೇ ‘ಬ್ರೆಡ್ ವ್ಯಾನ್ ಅಂಕಲ್, ಗ್ಯಾರೇಜ್ ಪಕ್ಕ’ ಎಂದು ಬರೆಯತೊಡಗಿದರು. ‘ಅಲ್ಲೇ ಇರಲಿ ಅಂಕಲ್, ನಾಳೆ ಒಯ್ತೀವಿ’ ಎನ್ನುವವರೇ ಜಾಸ್ತಿಯಾಗಿ ಬನ್ನಿನ ಕಪಾಟು ತುಂಬಿತು, ಮಂಚದ ಕೆಳಗೆ ತುಂಬಿತು, ಟೀಚರಮ್ಮ ಮಲಗುತ್ತಿದ್ದ ಕಡೆ ಒಬ್ಬರ ಗೋಡೆ ಗಡಿಯಾರ ಮಲಗಿತು. ಸಂಜೆ ಪಾರ್ಸೆಲ್ ಒಯ್ಯಲು ಬಂದವರು ಚಹಾ ತಂದುಕೊಟ್ಟು, ಮೆಟ್ಟಿಲ ಮೇಲೆ ಕೂತು, “ಮಗಳು ಹೇಗಿದಾಳೆ ಅಂಕಲ್?” ಎಂದು ಕೇಳುತ್ತಿದ್ದರು. ಸಾಹೇಬರು ಗಂಭೀರವಾಗಿ, “ಆಸ್ಪತ್ರೇಲೇ ಇಟ್ಕೊಂಡಿದಾರೆ. ನೋವು ನಿಂತಿದೆಯಂತೆ, ಆದ್ರೂ ಕಳಿಸ್ತಿಲ್ಲ” ಎನ್ನುತ್ತಿದ್ದರು. ರಾತ್ರಿ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದರು.

ಒಂದು ಮಧ್ಯಾಹ್ನ ಆ ಫೋನ್ ಬಡಿದುಕೊಂಡಿತು. “ಹೆಣ್ಣು ಮಗು ರೀ” ಎಂದರು ಟೀಚರಮ್ಮ. “ಇಬ್ಬರೂ ಚೆನ್ನಾಗಿದಾರೆ. ಮೂಗು ನಿಮ್ಮದೇ, ಏನು ಮಾಡೋದು.” ಹಿಂದೆ ಯಾರೋ ಏನೋ ಹೇಳಿದಂತಾಯಿತು. “ನಿಮ್ಮ ಮಗಳು ಕೇಳ್ತಿದಾಳೆ, ಅಪ್ಪ ಯಾವಾಗ ಬರ್ತಾರೆ ಅಂತ.”

ಸಾಹೇಬರು ಬೇರೆಯವರ ಪಾರ್ಸೆಲ್ಲುಗಳ ನಡುವೆ ಕೂತು, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮೆಕ್ಯಾನಿಕ್ ಬಂದು, ಗಾಡಿಯನ್ನು ಸವರುವ ಹಾಗೆಯೇ ಅವರ ಬೆನ್ನು ಸವರಿದ.

ಅದಾಗಿ ನಾಲ್ಕನೆಯ ದಿನ ಬೆಳಗ್ಗೆ ಪ್ಲೇಟು ಬಂತು. ಬಂತು ಎಂದರೆ ನಿಜವಾಗಿಯೂ ಬಂತು! ಓಟಿಪಿ ಹೇಳಿದ್ದಾಯಿತು, ಮೆಕ್ಯಾನಿಕ್ ಬೇರೆಲ್ಲ ಕೆಲಸ ಬದಿಗಿಟ್ಟು ಕೂರಿಸಿದ್ದಾಯಿತು, ವ್ಯಾನು ಕೆಮ್ಮಿ ಎದ್ದು ನಿಂತದ್ದೂ ಆಯಿತು. ಸಾಹೇಬರು ಅವನನ್ನು ತಬ್ಬಿಕೊಂಡು, ಮೈಯೆಲ್ಲ ಗ್ರೀಸ್ ಮಾಡಿಕೊಂಡು, ಹಿಂದುಮುಂದು ನೋಡದೆ ಹೊರಟೇಬಿಟ್ಟರು. ಬೀದಿಯ ಮನೆಗಳಿಗೆ ಎಂದಿನಂತೆ ಬೀಗ ಹಾಕಿತ್ತು.

ಸಂಜೆ ಹೊತ್ತಿಗೆ ಮಗಳ ಮನೆ. ಸಾಹೇಬರು ಕೈಕಾಲು ತೊಳೆದು, ಗ್ರೀಸಿನ ಅಂಗಿ ಬದಲಿಸಿ, ಕೋಣೆಯ ಬಾಗಿಲಲ್ಲಿ ನಿಂತರು. ಮಂಚದ ಮೇಲಿದ್ದ ಮಗಳು, “ಬನ್ನಿ ಅಪ್ಪಾ, ಬಾಗಿಲಲ್ಲಿ ನಿಂತು ಏನು ಸರ್ವೇ ಮಾಡ್ತೀರಿ?” ಎಂದು ನಕ್ಕಳು. ಸಾಹೇಬರ ಒಂದು ವರ್ಷದ ಭಾರ ಇಳಿಯಿತು. ಕೂತು ಕೈಚಾಚಿದರು. ಟೀಚರಮ್ಮ ಮೊಮ್ಮಗಳನ್ನು ತೋಳಿನಲ್ಲಿಟ್ಟರು. ಮಗು ಕಣ್ಣು ತೆರೆದು, ಈ ಮೂಗು ಎಲ್ಲೋ ನೋಡಿದ್ದೇನಲ್ಲ ಎಂಬಂತೆ ಅಜ್ಜನನ್ನು ದಿಟ್ಟಿಸಿತು.

ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನ್.

ಮಗು ಬೆಚ್ಚಿತು. ಟೀಚರಮ್ಮ ಗಂಡನ ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡರು. ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು: “ಅಂಕಲ್, ನಮ್ಮನೆ ಮಿಕ್ಸಿ ಎಲ್ಲಿ? ಇವತ್ತು ಒಯ್ಯೋಣ ಅಂತ ಬಂದು ನೋಡಿದ್ರೆ ವ್ಯಾನೇ ಇಲ್ಲ!” ಅದರ ಬೆನ್ನಿಗೇ ಟೈಲರ್. ಟೈಲರನ ಬೆನ್ನಿಗೇ ಮೂಲೆಮನೆ ಅಜ್ಜಿ, ಮಂಡಿ ಹಿಡಿದುಕೊಂಡೇ ಮಾತಾಡುತ್ತಿದ್ದರು.

ಅಳಿಯ ಕೆಳಗೆ ಹೋಗಿ ವ್ಯಾನಿನ ಬಾಗಿಲು ತೆರೆದು, ಏದುಸಿರು ಬಿಡುತ್ತಾ ವಾಪಸು ಬಂದ. “ಮಾವ, ಒಳಗೆ ಒಂದು ಬೀದಿಯೇ ಇದೆ!”

“ರೀ,” ಎಂದರು ಟೀಚರಮ್ಮ, “ನನ್ನ ತಮ್ಮ ಒಂದು ಸ್ವೆಟರ್ ಹಾಕ್ಕೊಂಡಿದ್ದಕ್ಕೆ ಎಷ್ಟು ಕೂಗಾಡಿದ್ರಿ! ನೀವು ಇಡೀ ಕೇರಿಯನ್ನೇ ಹೊತ್ಕೊಂಡು ಬಂದಿದೀರಲ್ರೀ!” ಹೇಳುತ್ತಾ ಹೇಳುತ್ತಾ ನಗು ಉಕ್ಕಿ, ಮೊಮ್ಮಗಳನ್ನು ಗಂಡನ ತೋಳಿನಿಂದ ಎತ್ತಿಕೊಂಡರು. “ಏಳಿ. ನಾಳೆ ಬೆಳಗ್ಗೆ ಹೋಗಿ ಕೊಟ್ಟು ಬನ್ನಿ. ಇವಳು ಎಲ್ಲಿಗೂ ಹೋಗಲ್ಲ.”

ಸಾಹೇಬರು ಆಸರೆಗಾಗಿ ಮಗಳ ಕಡೆ ನೋಡಿದರು. ಅವಳು ತುಟಿ ಕಚ್ಚಿಕೊಂಡಳು.

“ಹೇಗೂ ಹೋಗ್ತಿದೀರಲ್ಲ ಅಪ್ಪಾ... ನೀವು ಅಲ್ಲೇ ಇರ್ತೀರಿ ಅಂತ ಅಮ್ಮ ಹೇಳಿದ್ಲು. ಅದಕ್ಕೆ ಅಜ್ಜ ಆದ ಖುಷಿಗೆ ನಿಮಗೊಂದು ಅಂಗಿ ಕಳಿಸಿದ್ದೆ, ಆ ಗ್ಯಾರೇಜಿನ ಅಡ್ರೆಸ್ಸಿಗೆ.”

ಬೆಳಗ್ಗೆ ಸಾಹೇಬರು ವ್ಯಾನು ಹತ್ತಿ, ಮಿಕ್ಸಿ ಉರುಳದಂತೆ ದಿಂಬು ಕೊಟ್ಟು, ಮೇಲಿನ ಕಿಟಕಿಯಲ್ಲಿ ಮೊಮ್ಮಗಳನ್ನು ಎತ್ತಿ ತೋರಿಸುತ್ತಿದ್ದ ಹೆಂಡತಿಗೆ ಕೈಬೀಸಿದರು. ಕೀಲಿ ತಿರುವುವಷ್ಟರಲ್ಲಿ ಫೋನ್ ಬಂತು.

“ಸಾರ್, ನಿಮಗೊಂದು ಪಾರ್ಸೆಲ್ ಬಂದಿದೆ” ಎಂದ ಕೊರಿಯರಿನವನು. “ಗ್ಯಾರೇಜ್ ಮುಂದೆ ನಿಂತಿದೀನಿ. ಎಲ್ಲಿದೀರಿ?”

“ಅಪ್ಪಾ, ನಿನ್ನ ದಮ್ಮಯ್ಯ,” ಎಂದರು ಸಾಹೇಬರು, “ನೀನು ಅಲ್ಲೇ ಇರು. ಎಲ್ಲಿಗೂ ಹೋಗಬೇಡ. ನಾನೇ ಬರ್ತಾ ಇದೀನಿ.”