ಆಲಿವರನ ತೊಟ್ಟಿಯನ್ನು ನಾನು ಟೆಸ್ಟ್ ಮಾಡಿದ್ದು

ಯಾವ ವಸ್ತುವನ್ನಾದರೂ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡದೆ ಮನೆಯೊಳಗೆ ತಂದವನಲ್ಲ ನಾನು. ತೆಂಗಿನಕಾಯಿ, ಕಲ್ಲಂಗಡಿ, ಮಂಚ, ಕೊನೆಗೆ ಸಿಡ್ನಿಯಲ್ಲಿ ಕೊಂಡ ಹಳೇ ಕಾರಿನ ಬಾಗಿಲನ್ನೂ ಬಡಿದು, ತಲೆ ಓರೆ ಮಾಡಿ ಕೇಳಿಸಿಕೊಂಡು, "ಹ್ಞೂ, ಗಟ್ಟಿಯಾಗಿದೆ" ಎಂದಿದ್ದೇನೆ. ಆ ಸದ್ದಿನಲ್ಲಿ ನಿನಗೆ ನಿಜವಾಗಿ ಏನು ತಿಳಿಯುತ್ತದೆ ಎಂದು ಇದುವರೆಗೆ ಯಾರೂ ವಿಚಾರಿಸಿಲ್ಲ, ವಿಚಾರಿಸಿದರೆ ಕಷ್ಟ. ಮೈಸೂರಿನ ಮಾರ್ಕೆಟ್ಟಿನಲ್ಲಿ ನಮ್ಮಪ್ಪ ಹೀಗೆ ಬಡಿಯುತ್ತಿದ್ದರು, ಆದ್ದರಿಂದ ನಾನೂ ಬಡಿಯುತ್ತೇನೆ. ಸಾಲದ್ದಕ್ಕೆ ನನ್ನ ಉದ್ಯೋಗವೂ ಅದೇ ಜಾತಿಯದು. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರ್ ಸರಿಯಿದೆಯೇ ಎಂದು ಟೆಸ್ಟ್ ಮಾಡುವುದು. "ಟೆಸ್ಟ್ ಆದಮೇಲೆ ಮುಟ್ಟಬಾರದು. ಮುಟ್ಟಿದರೆ ಮತ್ತೆ ಮೊದಲಿಂದ ಟೆಸ್ಟ್" ಎಂದು ಅಲ್ಲಿ ದಿನಕ್ಕೆ ಮೂರು ಸಲ ಹೇಳುತ್ತೇನೆ. ಮನೆಗೆ ಬಂದು, ಇವತ್ತು ಯಾರಿಗೆಲ್ಲ ಹೇಳಿದೆ ಎಂದು ಊಟದ ಹೊತ್ತಿನಲ್ಲಿ ವರದಿ ಕೊಡುತ್ತೇನೆ.

ನಮ್ಮ ಎಂಟು ವರ್ಷದ ಮಗಳು ಅನಘಾಗೆ ನಾಯಿ ಬೇಕಿತ್ತು. ನಮ್ಮದು ಬಾಡಿಗೆ ಫ್ಲ್ಯಾಟು, ನಾಯಿ ಕೂಡದು. ಅದೇ ದುಃಖದಲ್ಲಿದ್ದವಳು ರಜೆ ಶುರುವಾದ ಶುಕ್ರವಾರ ಸಂಜೆ, ಐಸ್‌ಕ್ರೀಮ್ ಡಬ್ಬಿಯೊಂದನ್ನು ಎರಡು ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದುಕೊಂಡು ಬಂದಳು. ಡಬ್ಬಿಯೊಳಗೆ ಅವಳ ತರಗತಿಯ ಗೋಲ್ಡ್‌ಫಿಶ್, ಹೆಸರು ಆಲಿವರ್. ಎರಡು ವಾರದ ರಜೆಯಲ್ಲಿ ಅವನನ್ನು ನೋಡಿಕೊಳ್ಳುವ ಸರದಿ ಇವಳದು. ಜೊತೆಗೊಂದು ಡೈರಿ, ಆಲಿವರ್ ದಿನವೂ ಏನು ಮಾಡಿದ ಎಂದು ಅದರಲ್ಲಿ ಬರೆಯಬೇಕು. ಹಿಂದಿನ ರಜೆಯಲ್ಲಿ ಬೇರೆ ಹುಡುಗಿಯೊಬ್ಬಳ ಮನೆಗೆ ಹೋದ ಮೀನು ಜೀವಂತ ವಾಪಸ್ ಬರಲಿಲ್ಲವಂತೆ. ಪಾಪ, ಆ ಹುಡುಗಿಯ ಪಕ್ಕ ಈಗಲೂ ಊಟಕ್ಕೆ ಯಾರೂ ಕೂರುವುದಿಲ್ಲವಂತೆ.

"ಅಪ್ಪಾ, ಹೀ ಕಾಂಟ್ ಡೈ, ಓಕೆ?" ಎಂದಳು.

"ಏನೂ ಆಗಲ್ಲ ಪುಟ್ಟಾ, ನಾನಿದೀನಲ್ಲ" ಎಂದೆ. ಆಲಿವರನಿಗೆ ಇದ್ದ ಮುಖ್ಯ ಅಪಾಯವೇ ಅದು ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಪಕ್ಕದ ಬೀದಿಯ ಅಜ್ಜನೊಬ್ಬ ಮನೆಯ ಹಳೇ ಸಾಮಾನೆಲ್ಲ ಗ್ಯಾರೇಜಿನ ಮುಂದೆ ಮಾರಾಟಕ್ಕಿಟ್ಟಿದ್ದ. ಅದರಲ್ಲೊಂದು ಎರಡಡಿ ಉದ್ದದ ಗಾಜಿನ ತೊಟ್ಟಿ. ನಾನು ನಾಲ್ಕೂ ಕಡೆ ಬಡಿದೆ. ಅಜ್ಜ ಸ್ವಲ್ಪ ಹೊತ್ತು ನೋಡಿ, "ಒಳಗೆ ಯಾರೂ ಇಲ್ಲ ಮೇಟ್" ಎಂದ. ತೊಟ್ಟಿ ತಂದು ಮೆಲ್ಬರ್ನಿನ ಕ್ಲೇಟನ್ನಿನಲ್ಲಿರುವ ಗೆಳೆಯ ಪ್ರಭಾಕರನಿಗೆ ಫೋನ್ ಮಾಡಿದೆ. ಉಡುಪಿಯವನು, ಮನೆ ತುಂಬ ಮೀನು ಸಾಕಿದ್ದಾನೆ.

"ಎಂತ ಮಾರಾಯ, ಗಾಜನ್ನು ಬಡಿದು ನೋಡುವುದಾ? ಅದೆಂತ ತೆಂಗಿನಕಾಯಿಯಾ?" ಎಂದ. "ಗಾಜಲ್ಲಿ ಗೀರು ಉಂಟಾ ನೋಡು. ಮೂಲೆಯಲ್ಲಿ ಒಡಕು ಉಂಟಾ ನೋಡು. ಮತ್ತೆ ಅಡಿಗೆ ಪೇಪರ್ ಹಾಕಿ, ನೀರು ತುಂಬಿಸಿ ಒಂದು ದಿನ ಬಿಡು. ಪೇಪರ್ ಒದ್ದೆ ಆಗದಿದ್ರೆ ಹೆದರಿಕೆ ಇಲ್ಲ."

ಭಾನುವಾರ ಬೆಳಿಗ್ಗೆ ಪೇಪರ್ ಗರಿಗರಿಯಾಗಿತ್ತು. ನಾನು ಅದನ್ನು ಹೆಂಡತಿ ಸುಧಾಗೆ ಸರ್ಟಿಫಿಕೇಟಿನ ಹಾಗೆ ಹಿಡಿದು ತೋರಿಸಿದೆ. ಅವಳು, "ಸರಿ, ಆದ್ರೆ ಯಾರ ಮನೇದೋ ಏನೋ, ಒಂದ್ಸಲ ನೀರಲ್ಲಿ ಗಲಬರಿಸಿಬಿಡಿ" ಎಂದಳು. ಗಲಬರಿಸಲು ಹೇಳಿದ್ದಳು, ಅಷ್ಟೇ. ಇದನ್ನು ಅವಳ ಪರವಾಗಿ ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ. ತೊಟ್ಟಿಯ ಒಳಮೂಲೆಗಳಲ್ಲಿ ಮೇಲಿಂದ ಕೆಳಗಿನವರೆಗೆ ಕಪ್ಪು ಗೆರೆ ನನ್ನ ಕಣ್ಣಿಗೆ ಬಿತ್ತು. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆ ಬೆಳಗುವ ಮನೆಯಲ್ಲಿ ಬೆಳೆದವನು ಅಂಥದ್ದನ್ನು ನೋಡಿ ಸುಮ್ಮನಿರುವುದು ಹೇಗೆ? ಹುಣಸೆಹಣ್ಣು ಹಚ್ಚಿದೆ, ತೆಂಗಿನ ನಾರಿನಿಂದ ತಿಕ್ಕಿದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮೊಂಡು ಚಾಕು ತಂದು ಕೆರೆದೆ. ಕೊಳೆ ಉದ್ದುದ್ದ ಪಟ್ಟಿಯಾಗಿ ಎದ್ದು ಬಂತು. ಅಷ್ಟು ತೃಪ್ತಿ ಆಫೀಸಿನಲ್ಲಿ ನನಗೆ ಎಂದೂ ಸಿಕ್ಕಿಲ್ಲ. ಲಕಲಕ ಹೊಳೆಯುವ ತೊಟ್ಟಿಗೆ ಹೊಸ ನೀರು ತುಂಬಿಸಿ ಆಲಿವರನನ್ನು ಬಿಟ್ಟೆ. ಐಸ್‌ಕ್ರೀಮ್ ಡಬ್ಬಿಯನ್ನು ಕಸಕ್ಕೆ ಹಾಕಿದೆ.

ಸೋಮವಾರ ಬೆಳಿಗ್ಗೆ ಅನಘಾ ಬಂದು, "ಅಪ್ಪಾ, ಕಾರ್ಪೆಟ್ ಈಸ್ ವೆಟ್" ಎಂದಳು. ಓಡಿಹೋಗಿ ನೋಡಿದರೆ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರೂ ಉಳಿದಿರಲಿಲ್ಲ. ಆಲಿವರ್ ತಳದಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದ. ಮಗಳು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಮಾಡಿದೆನೆಂದರೆ, ಪ್ರಭಾಕರನಿಗೆ ಫೋನ್ ಮಾಡಿ, ಮೂಲೆಯ ಕಪ್ಪು ಕೊಳೆ ಕೆರೆದದ್ದನ್ನೂ ಹೇಳಿದೆ.

"ಅದು ಕೊಳೆ ಅಲ್ಲ ಮಾರಾಯ, ನೀರು ತಡೆಯುವ ಅಂಟು" ಎಂದ. ಆಮೇಲೆ ಮೆಲ್ಲಗೆ, "ಎಲ್ಲ ಕೆರೆದಿಯಾ?" ಎಂದು ಕೇಳಿದ.

"ಎಲ್ಲ" ಎಂದೆ.

ಅಷ್ಟರಲ್ಲಿ ಸುಧಾ ಅಟ್ಟಣಿಗೆಯಂಥ ಮೇಲಿನ ಕಪಾಟಿನಿಂದ ಹುಳಿ ಮಾಡುವ ದೊಡ್ಡ ಸ್ಟೀಲ್ ಪಾತ್ರೆ ಇಳಿಸಿದ್ದಳು. ಮದುವೆಯಲ್ಲಿ ಅವಳಮ್ಮ ಕೊಟ್ಟಿದ್ದು. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಮ್ಮದು. ಅವಳು ತೊಟ್ಟಿಯ ನೀರನ್ನೆಲ್ಲ ಅದಕ್ಕೆ ತೋಡಿ, ಹುಳಿ ಬಡಿಸುವ ಸೌಟಿನಲ್ಲೇ ಆಲಿವರನನ್ನು ಎತ್ತಿ ಬಿಟ್ಟಳು. ಅವನು ಒಂದು ಸುತ್ತು ಹಾಕಿದ. ನನ್ನ ಕೈ ಅಭ್ಯಾಸಬಲದಿಂದ ಪಾತ್ರೆಯನ್ನು ಬಡಿಯಲು ಹೋಯಿತು.

"ಕೈ ತೆಗೀರಿ" ಎಂದಳು ಸುಧಾ.

ಅವತ್ತು ಆಫೀಸಿನಲ್ಲಿ ಒಬ್ಬ, ಟೆಸ್ಟ್ ಆದಮೇಲೆ ಒಂದೇ ಒಂದು ಸಾಲು ಬದಲಾಯಿಸಿದ್ದೇನೆ, ಸುಮ್ಮನೆ ಚೆಂದ ಕಾಣಲಿ ಅಂತ, ಎಂದು ಒಪ್ಪಿಕೊಂಡ. ಬೈಗುಳಕ್ಕೆ ತಲೆ ತಗ್ಗಿಸಿ ಕಾಯುತ್ತಿದ್ದ. ನಾನು, "ಆಗತ್ತೆ ಬಿಡಪ್ಪ" ಎಂದೆ. ಅವನು ಗಾಬರಿಯಾಗಿ, ನನಗೆ ಹುಷಾರಿಲ್ಲವೇ ಎಂದು ವಿಚಾರಿಸಿದ.

ಆಲಿವರ್ ಎರಡು ವಾರ ಹುಳಿಯ ಪಾತ್ರೆಯಲ್ಲಿದ್ದು, ಕೊಂಚ ದಪ್ಪವಾಗಿ ಶಾಲೆಗೆ ಮರಳಿದ. ಅನಘಾಳ ಡೈರಿ ಓದಿದ ಟೀಚರ್, ಮುಂದಿನ ರಜೆಗೂ ಆಲಿವರನನ್ನು ಇವಳ ಮನೆಗೇ ಕಳಿಸಬಹುದು ಎಂದು ಬರೆದು ಕಳಿಸಿದರು. ಮಗಳು ಕುಣಿದಾಡಿಬಿಟ್ಟಳು. ಮರುದಿನ ಪಾತ್ರೆಯ ಮೇಲೊಂದು ಚೀಟಿ ಅಂಟಿತ್ತು. ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ನನಗೆ ಚೆನ್ನಾಗಿ ಅರ್ಥವಾಗಲಿ ಎಂದೋ ಏನೋ, ಅಮ್ಮನ ಹತ್ತಿರ ಕೇಳಿ ಕೇಳಿ ಸೊಟ್ಟ ಕನ್ನಡದಲ್ಲಿ ಬರೆದಿದ್ದಳು: "ಟೆಸ್ಟ್ ಆಗಿದೆ. ಅಪ್ಪ ಮುಟ್ಟಬಾರದು."